ಏಳುಸುತ್ತಿನ ಕೋಟೆಯ ಕಲ್ಲು ಯಾರದು? ಆನ್‌ಲೈನ್ ಆಟ, ಮುಕ್ತ ಪರವಾನಗಿ, ಅಭಿಮಾನಿ ಕೃತಿ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ ದೋಸೆ ಮುಗಿಸಿ, ಒಂದು ಹಳೆಯ ಮುದ್ರಣಾಲಯದ ಮಹಡಿಯ ಮೇಲೆ ನಾವು ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ಚಿತ್ರದುರ್ಗದ ಕೋಟೆಯನ್ನು ಆನ್‌ಲೈನ್ ಆಟವೊಂದರ ಒಳಗೆ ಕಟ್ಟುತ್ತಿದ್ದೇವೆ. ಕಲ್ಲು ಜೋಡಿಸುವುದು ಸುಲಭ; ಯಾವ ಕಲ್ಲು ಯಾರದು ಎಂಬ ಲೆಕ್ಕ ಇಡುವುದೇ ಕಷ್ಟ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಏಳುತ್ತವೆ. ನಾನು ಒಂದೊಂದು ವಾರ ಒಂದೊಂದು ರೀತಿ ಉತ್ತರಿಸಿ ಗೊಂದಲ ಹೆಚ್ಚಿಸುತ್ತೇನೆಂದು ನಮ್ಮವರೇ ದೂರಿದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಪ್ರೋಗ್ರಾಮರ್, ವಕೀಲನಲ್ಲ. ನೋಟಿಸು ಈಗಾಗಲೇ ಕೈಗೆ ಬಂದಿದ್ದರೆ ಇದನ್ನು ಓದುತ್ತಾ ಕೂರದೆ ವಕೀಲರ ಮನೆ ಬಾಗಿಲು ತಟ್ಟಿ.

ನೀವು ಬಳಸುತ್ತಿರುವುದು ಯಾವ ಆಟ?

ಲುವಾಂಟಿ. 2010ರಲ್ಲಿ ಮೈನ್‌ಟೆಸ್ಟ್ ಎಂಬ ಹೆಸರಿನಲ್ಲಿ ಹುಟ್ಟಿತು, 2024ರ ಅಕ್ಟೋಬರ್‌ನಲ್ಲಿ ಹೆಸರು ಬದಲಿಸಿಕೊಂಡಿತು. ಘನಾಕಾರದ ಕಲ್ಲು, ಮಣ್ಣು, ಮರಗಳಿಂದ ಲೋಕ ಕಟ್ಟುವ ಆಟ. ನಿಜ ಹೇಳಬೇಕೆಂದರೆ ಅದು ಒಂದು ಆಟವಲ್ಲ, ಆಟಗಳನ್ನು ಕಟ್ಟಿಕೊಳ್ಳುವ ಎಂಜಿನ್. ಲುವಾ ಭಾಷೆಯಲ್ಲಿ ನಾಲ್ಕು ಸಾಲು ಬರೆಯಬಲ್ಲ ಯಾರಾದರೂ ಅದಕ್ಕೆ ಮಾಡ್, ಅಂದರೆ ಆಟವನ್ನು ಬದಲಿಸುವ ಸಣ್ಣ ಸೇರ್ಪಡೆ, ಬರೆಯಬಹುದು, ಮನೆಯ ಹಳೆಯ ಕಂಪ್ಯೂಟರಿನಲ್ಲೇ ಸರ್ವರ್ ನಡೆಸಬಹುದು.

ಪುಕ್ಕಟೆಯಾಗಿ ಸಿಗುತ್ತದೆಯಲ್ಲ, ಮತ್ತೆ ಪರವಾನಗಿಯ ಮಾತೇಕೆ?

ಇಂಗ್ಲಿಷಿನವರು ಒಂದೇ ಪದಕ್ಕೆ ಎರಡು ಅರ್ಥ ಹೊರಿಸಿ ದಶಕಗಳಿಂದ ಪೇಚಾಡುತ್ತಿದ್ದಾರೆ. ನಮಗೆ ಆ ತೊಂದರೆ ಇಲ್ಲ. ಉಚಿತ ಬೇರೆ, ಮುಕ್ತ ಬೇರೆ. ಉಚಿತ ಎಂದರೆ ದುಡ್ಡು ಕೊಡಬೇಕಿಲ್ಲ. ಮುಕ್ತ ಎಂದರೆ ಬಳಸಲು, ಒಳಗಿನ ಕೋಡ್ ಓದಲು, ತಿದ್ದಲು, ತಿದ್ದಿದ್ದನ್ನು ಹಂಚಲು ಅನುಮತಿ ಇದೆ. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಆಟಗಳಲ್ಲಿ ಬಹುಪಾಲು ಮುಕ್ತವಲ್ಲ. ಮುಕ್ತ ತಂತ್ರಾಂಶವನ್ನು ಹಣಕ್ಕೆ ಮಾರುವುದಕ್ಕೂ ಅಡ್ಡಿಯಿಲ್ಲ.

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸಿದೆ. ಬರೆದ ಗಳಿಗೆಯಿಂದಲೇ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಅಂದರೆ ಯಾರೂ ಏನೂ ಹೇಳದಿದ್ದರೆ ಉತ್ತರ "ಬೇಡ" ಎಂದೇ. ಪರವಾನಗಿ ಎಂಬುದು ಆ "ಬೇಡ"ವನ್ನು "ಆಗಲಿ, ಆದರೆ ಹೀಗೆ" ಎಂದು ಬದಲಿಸುವ ಕಾಗದ.

ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ತಮ್ಮ ಕೋಡನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ. ಪರವಾನಗಿ ಕಡತ ಇಲ್ಲ. ತೆಗೆದುಕೊಳ್ಳಬಹುದೇ?

ಇಲ್ಲ. ರಸ್ತೆಗೆ ಕಾಣುವಂತೆ ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ದಾರಿಹೋಕರದ್ದಾಗುವುದಿಲ್ಲ. ಬರೆದವರಿಗೆ ಒಂದು ಸಾಲು ಬರೆದು ಕೇಳಿ. ನಮ್ಮ ಅನುಭವದಲ್ಲಿ ಹೆಚ್ಚಿನವರು ಮರೆತಿರುತ್ತಾರೆ ಅಷ್ಟೇ. ಕೇಳಿದ ಮರುದಿನವೇ ಸೇರಿಸುತ್ತಾರೆ.

ಜಿಪಿಎಲ್, ಎಲ್‌ಜಿಪಿಎಲ್, ಎಂಐಟಿ: ಈ ಮೂರು ಪರವಾನಗಿಗಳ ವ್ಯತ್ಯಾಸವನ್ನು ಒಂದೇ ಮಾತಿನಲ್ಲಿ ಹೇಳಿ.

ಒಂದು ಮಾತಿನಲ್ಲಿ ಆಗದು, ಒಂದು ತಟ್ಟೆ ಮಂಡಕ್ಕಿಯಲ್ಲಿ ಆಗುತ್ತದೆ.

ಎಂಐಟಿ ಪರವಾನಗಿಯವರು ಮಂಡಕ್ಕಿ ಕೊಟ್ಟು, "ಚೀಲದ ಮೇಲಿನ ನಮ್ಮ ಹೆಸರಿನ ಚೀಟಿ ಕೀಳಬೇಡಿ" ಎಂದಷ್ಟೇ ಹೇಳುತ್ತಾರೆ. ನೀವು ಒಗ್ಗರಣೆ ಹಾಕಿ, ವಿಧಾನವನ್ನು ಗುಟ್ಟಾಗಿಟ್ಟುಕೊಂಡು ಮಾರಬಹುದು. ಜಿಪಿಎಲ್‌ನವರದು ಹಾಗಲ್ಲ. ಅವರ ಮಂಡಕ್ಕಿಯಿಂದ ಮಾಡಿದ ಒಗ್ಗರಣೆಯನ್ನು ಇನ್ನೊಬ್ಬರಿಗೆ ಬಡಿಸಿದರೆ ವಿಧಾನವನ್ನೂ ಬರೆದುಕೊಡಬೇಕು, ತಿಂದವರು ಅದನ್ನು ಬದಲಿಸಿ ಮತ್ತೊಬ್ಬರಿಗೆ ಬಡಿಸಲು ಬಿಡಬೇಕು. ಮನೆಯಲ್ಲಿ ನೀವೇ ತಿಂದರೆ ಯಾರೂ ಏನೂ ಕೇಳುವುದಿಲ್ಲ. ಎಲ್‌ಜಿಪಿಎಲ್ ನಡುವಿನದು: ಮಂಡಕ್ಕಿಗೆ ಮಾಡಿದ ಬದಲಾವಣೆ ತೋರಿಸಿ ಸಾಕು, ಪಕ್ಕದಲ್ಲಿಟ್ಟ ಮಿರ್ಚಿಯ ಗುಟ್ಟು ನಿಮ್ಮದೇ. ಲುವಾಂಟಿ ಎಂಜಿನ್‌ನ ಕೋಡ್ ಈ ಎಲ್‌ಜಿಪಿಎಲ್ 2.1 ಅಥವಾ ನಂತರದ ಆವೃತ್ತಿಯಲ್ಲಿದೆ.

ಜಿಪಿಎಲ್‌ನಲ್ಲಿ 1991ರ ಎರಡನೆಯ ಆವೃತ್ತಿ, 2007ರ ಮೂರನೆಯ ಆವೃತ್ತಿ ಎರಡೂ ಚಲಾವಣೆಯಲ್ಲಿವೆ. "ಎರಡನೆಯ ಆವೃತ್ತಿ ಮಾತ್ರ" ಎಂದು ಬರೆದ ಕೋಡನ್ನು ಮೂರನೆಯದರ ಜೊತೆ ಬೆರೆಸಿ ಹಂಚುವಂತಿಲ್ಲ. "ಅಥವಾ ನಂತರದ್ದು" ಎಂಬ ಎರಡು ಪದಗಳಿವೆಯೇ ಎಂದು ಹುಡುಕುವುದೇ ನನ್ನ ಮೊದಲ ಕೆಲಸ.

ನಾನು ಕೋಡನ್ನು ಯಾರಿಗೂ ಕೊಡುವುದಿಲ್ಲ, ಸರ್ವರ್ ಮಾತ್ರ ನಡೆಸುತ್ತೇನೆ. ಆಗಲೂ ನಿಯಮ ಅನ್ವಯಿಸುತ್ತದೆಯೇ?

ಆನ್‌ಲೈನ್ ಆಟದ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ, ಕೇಳುವವರು ಮಾತ್ರ ಕಡಿಮೆ.

ಜಿಪಿಎಲ್‌ನ ಷರತ್ತು ಜೀವ ಪಡೆಯುವುದು ಪ್ರತಿಯನ್ನು ಹಂಚಿದಾಗ. ನಿಮ್ಮ ಸರ್ವರ್‌ನಲ್ಲಿ ತಿದ್ದಿದ ಮಾಡ್ ಓಡುತ್ತಿದೆ, ಆಟಗಾರರು ಹರಿಹರದಿಂದಲೋ ಹೊಳಲ್ಕೆರೆಯಿಂದಲೋ ಬಂದು ಆಡಿ ಹೋಗುತ್ತಾರೆ. ಕೋಡ್‌ನ ಪ್ರತಿ ಅವರ ಕೈಗೆ ಹೋಗುವುದಿಲ್ಲ. ಆದ್ದರಿಂದ ತಿದ್ದುಪಡಿಯನ್ನು ತೋರಿಸಬೇಕಾದ ಕಟ್ಟುಪಾಡಿಲ್ಲ. ಈ ಕಿಂಡಿಯನ್ನು ಮುಚ್ಚಲೆಂದೇ 2007ರಲ್ಲಿ ಎಜಿಪಿಎಲ್‌ನ ಮೂರನೆಯ ಆವೃತ್ತಿ ಬಂತು. ಆ ಪರವಾನಗಿಯ ಕೋಡನ್ನು ತಿದ್ದಿ ಸರ್ವರ್‌ನಲ್ಲಿ ಓಡಿಸಿದರೆ, ಜಾಲದ ಮೂಲಕ ಅದರೊಡನೆ ವ್ಯವಹರಿಸುವ ಪ್ರತಿಯೊಬ್ಬರಿಗೂ ಮೂಲ ಕೋಡ್ ಸಿಗುವಂತೆ ಮಾಡಬೇಕು. ಹಾಗಾಗಿ ಮಾಡ್ ಆರಿಸುವಾಗ ಜಿಪಿಎಲ್‌ನ ಮುಂದೆ ಒಂದು "ಎ" ಇದೆಯೇ ನೋಡಿ.

ಆದರೆ ಬಹಳ ಮಂದಿ ಎಡವುವುದು ಇನ್ನೊಂದು ಕಡೆ. ಲುವಾಂಟಿಯಲ್ಲಿ ಮಾಡ್‌ನ ಕೋಡ್ ಸರ್ವರ್‌ನಲ್ಲೇ ಉಳಿಯುತ್ತದೆ. ಅದರ ಚಿತ್ರ, ಸದ್ದು, ಮೂರು ಆಯಾಮದ ಮಾದರಿಗಳು ಉಳಿಯುವುದಿಲ್ಲ. ಆಟಗಾರ ಒಳಗೆ ಬಂದ ಕೂಡಲೇ ಅವೆಲ್ಲ ಅವನ ಯಂತ್ರಕ್ಕೆ ಇಳಿಯುತ್ತವೆ. ಅಂದರೆ ನಲವತ್ತು ಮಂದಿ ಆಡಿದರೆ ಪ್ರತಿ ಟೆಕ್ಸ್ಚರ್‌ನ (ಕಲ್ಲು, ಗೋಡೆಗಳ ಮೈಗೆ ಹೊದಿಸುವ ಚಿತ್ರದ) ನಲವತ್ತು ಪ್ರತಿಗಳನ್ನು ನೀವೇ ಹಂಚಿದಂತಾಯಿತು. "ನಾನು ಏನನ್ನೂ ಪ್ರಕಟಿಸಿಲ್ಲ, ಸರ್ವರ್ ಇಟ್ಟಿದ್ದೇನೆ ಅಷ್ಟೇ" ಎಂಬ ವಾದ ಕೋಡ್‌ಗೆ ಸಲ್ಲಬಹುದು, ಚಿತ್ರಕ್ಕೆ ಸಲ್ಲದು.

ಹಾಗಾದರೆ ಚಿತ್ರ, ಸದ್ದುಗಳಿಗೆ ಬೇರೆ ಪರವಾನಗಿಯೇ?

ಹೌದು. ಲುವಾಂಟಿಯ ಮಾಡ್‌ಗಳನ್ನು ಹಂಚುವ ಅಧಿಕೃತ ತಾಣ ಕೋಡ್‌ಗೊಂದು, ಮಾಧ್ಯಮಕ್ಕೊಂದು (ಅಂದರೆ ಚಿತ್ರ, ಸದ್ದುಗಳಿಗೆ) ಪರವಾನಗಿಯನ್ನು ಪ್ರತ್ಯೇಕವಾಗಿ ಕೇಳುತ್ತದೆ. ಮಾಧ್ಯಮಕ್ಕೆ ಸಾಮಾನ್ಯವಾಗಿ ಬಳಕೆಯಾಗುವುದು ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿ. ಮೊದಲ ಆವೃತ್ತಿ 2002ರಲ್ಲಿ ಬಂತು, ಈಗಿನ 4.0 ಬಂದದ್ದು 2013ರಲ್ಲಿ.

ಅದರಲ್ಲಿ ನಾಲ್ಕು ಷರತ್ತುಗಳ ಬೇರೆ ಬೇರೆ ಜೋಡಣೆಗಳಿವೆ. "ಬಿವೈ" ಎಂದರೆ ಹೆಸರು ಹೇಳಿ. "ಎಸ್‌ಎ" ಎಂದರೆ ತಿದ್ದಿ ಹಂಚಿದರೆ ಅದೇ ಷರತ್ತಿನಲ್ಲಿ ಹಂಚಿ. ಈ ಎರಡು ನಮಗೆ ಸರಿ. ಉಳಿದ ಎರಡರ ಬಗ್ಗೆ ನನಗೆ ತಕರಾರಿದೆ. "ಎನ್‌ಸಿ", ಅಂದರೆ ವಾಣಿಜ್ಯ ಬಳಕೆ ಬೇಡ, ಕೇಳಲು ಸಜ್ಜನಿಕೆಯ ಮಾತಿನಂತಿದೆ. ಆದರೆ ಅದು ಓಪನ್ ಸೋರ್ಸ್ ವ್ಯಾಖ್ಯೆಗೆ ಹೊಂದುವುದಿಲ್ಲ, ಎಸ್‌ಎ ಮಾತ್ರ ಇರುವ ಚಿತ್ರದ ಜೊತೆ ಬೆರೆಸಿ ಹೊಸ ಚಿತ್ರ ಮಾಡಲು ಬರುವುದಿಲ್ಲ, ಕಾಲೇಜು ಹಬ್ಬದಲ್ಲಿ ಹತ್ತು ರೂಪಾಯಿಗೆ ಸ್ಟಿಕ್ಕರ್ ಮಾರಿದರೆ ಅದು ವಾಣಿಜ್ಯವೇ ಎಂಬ ಜಗಳ ತರುತ್ತದೆ. "ಎನ್‌ಡಿ" ಇನ್ನೂ ಬಿಗಿ: ಬದಲಿಸಿದ್ದನ್ನು ಹಂಚುವಂತಿಲ್ಲ. ಅನುವಾದವೂ ಬದಲಾವಣೆಯೇ ಆದ್ದರಿಂದ ಎನ್‌ಡಿ ಇರುವ ಕಥೆಯನ್ನು ಕನ್ನಡಕ್ಕೆ ತಂದು ಹಂಚಲಾಗದು.

ಎಸ್‌ಎ 3.0ರ ಚಿತ್ರವನ್ನು ತಿದ್ದಿ 4.0ರಲ್ಲಿ ಹೊರತರಬಹುದು, ಹಿಂದಕ್ಕೆ ಹೋಗಲು ದಾರಿಯಿಲ್ಲ.

ಮೊದಲ ಆವೃತ್ತಿಯಲ್ಲಿದ್ದ ಉರುಮೆಯ ಸದ್ದು ಏಕೆ ಹೋಯಿತು?

ಅದು ನನ್ನ ತಪ್ಪು. ಕೋಟೆಯ ಮೊದಲ ಬಾಗಿಲು ದಾಟಿದಾಗ ಉರುಮೆ ಮೊಳಗಬೇಕೆಂಬ ಆಸೆ ಇತ್ತು. "ಉಚಿತ ಜನಪದ ಸದ್ದುಗಳು" ಎಂದು ಬರೆದುಕೊಂಡಿದ್ದ ಒಂದು ತಾಣದಿಂದ ಹನ್ನೊಂದು ಸೆಕೆಂಡಿನ ತುಣುಕು ಇಳಿಸಿಕೊಂಡೆ. ಆರು ತಿಂಗಳ ಬಳಿಕ, ಅದನ್ನು ಧ್ವನಿಮುದ್ರಿಸಿದವರಿಂದಲೇ ಪತ್ರ ಬಂತು. ಆ ತಾಣದವರು ಅವರನ್ನೂ ಕೇಳಿರಲಿಲ್ಲ. ಕದ್ದ ಮಾಲನ್ನು ಗೊತ್ತಿಲ್ಲದೆ ಕೊಂಡವನ ಸ್ಥಿತಿ ನನ್ನದು. ತೆಗೆದೆವು, ಕ್ಷಮೆ ಕೇಳಿದೆವು, ಅವರು ದೊಡ್ಡ ಮನಸ್ಸಿನವರಾದ್ದರಿಂದ ಅಲ್ಲಿಗೆ ಮುಗಿಯಿತು.

ಆಮೇಲೆ ನಾವೇ ಹೋಗಿ ಚಳ್ಳಕೆರೆ ಕಡೆಯ ಕಲಾವಿದರ ವಾದ್ಯವನ್ನು ಧ್ವನಿಮುದ್ರಿಸಿದೆವು. ಅಲ್ಲೂ ಒಂದು ಪಾಠ ಕಾದಿತ್ತು. ಮೊಬೈಲ್ ನಮ್ಮದು, ಹಾಗಾಗಿ ಮುದ್ರಿಕೆ ನಮ್ಮದು ಎಂದುಕೊಂಡಿದ್ದೆವು. ಕಾಯ್ದೆಯಲ್ಲಿ ಪ್ರದರ್ಶಕರಿಗೂ ತಮ್ಮದೇ ಆದ ಹಕ್ಕಿದೆ, ಅದರ ಅವಧಿ 50 ವರ್ಷ. ಜಾತ್ರೆಯಲ್ಲಿ ನುಡಿಸುತ್ತಿದ್ದರು, ಎಲ್ಲರೂ ಮುದ್ರಿಸಿಕೊಳ್ಳುತ್ತಿದ್ದರು ಎಂಬುದು ಅನುಮತಿಯಲ್ಲ. ಆದ್ದರಿಂದ ಕನ್ನಡದಲ್ಲೇ ಒಂದು ಪುಟದ ಒಪ್ಪಿಗೆ ಪತ್ರ ಬರೆದು, ಓದಿ ಹೇಳಿ, ಯಾರು ಬೇಕಾದರೂ ಇದನ್ನು ಬಳಸಬಹುದು, ಮಾರಲೂಬಹುದು ಎಂಬುದನ್ನು ಬಿಡಿಸಿ ತಿಳಿಸಿ, ಸಂಭಾವನೆ ಕೊಟ್ಟು ಸಹಿ ಪಡೆದೆವು. ಹಿರಿಯರೊಬ್ಬರು "ಮಾರುವುದು ಬೇಡ" ಎಂದರು. ಅವರ ತುಣುಕನ್ನು ಬಿಟ್ಟೆವು. ಬೇಸರವೇನೋ ಆಯಿತು, ಅವರ ಕೈಚಳಕ ಎಲ್ಲರಿಗಿಂತ ಮೇಲಿತ್ತು.

ಪ್ರಸಿದ್ಧ ಆಟಗಳ ಚಿತ್ರಗಳನ್ನು ತಂದು ಇಲ್ಲಿ ಹಾಕಿದರೆ? ನಾವೇನು ಹಣ ಮಾಡುತ್ತಿಲ್ಲವಲ್ಲ, ಅಭಿಮಾನಕ್ಕೆ ತಾನೆ?

ಅಭಿಮಾನ ಪರವಾನಗಿಯಲ್ಲ. ಕಾಯ್ದೆಯ 52ನೆಯ ಕಲಂ ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿಗೆ ನ್ಯಾಯಯುತ ಬಳಕೆಯನ್ನು ಒಪ್ಪುತ್ತದೆ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಏನಾದರೂ ಮಾಡಿ ನೋಡುವುದು ಒಂದು, ಊರೆಲ್ಲ ಬರುವ ಸರ್ವರ್‌ಗೆ ಏರಿಸುವುದು ಇನ್ನೊಂದು.

ಮುಚ್ಚಿದ ಆಟಗಳಲ್ಲಿ ಅಭಿಮಾನಿ ಕೃತಿಯ ಹಣೆಬರಹ ಆಯಾ ಕಂಪನಿಯ ಒಪ್ಪಂದದಲ್ಲಿರುತ್ತದೆ. ಮೈನ್‌ಕ್ರಾಫ್ಟ್‌ನ ಒಪ್ಪಂದದ ಪ್ರಕಾರ ನೀವು ಹೊಸದಾಗಿ ಬರೆದ ಮಾಡ್ ನಿಮ್ಮದೇ, ಆದರೆ ಅದನ್ನು ಮಾರುವಂತಿಲ್ಲ, ಆಟದ ಮೂಲ ಕಡತಗಳನ್ನು ಹಂಚುವಂತಿಲ್ಲ. ವಾರ್‌ಕ್ರಾಫ್ಟ್ 3ರ ಮರುರೂಪ 2020ರಲ್ಲಿ ಬಂದಾಗ, ಆಟಗಾರರು ಅದರೊಳಗೆ ಕಟ್ಟಿದ ಆಟಗಳೆಲ್ಲ ಕಂಪನಿಯ ಸ್ವತ್ತು ಎಂದು ನಿಯಮ ಮಾಡಿದರು. ಹಿಂದೆ ಅದೇ ಸರಣಿಯ ಅಭಿಮಾನಿ ನಕ್ಷೆಯೊಂದು ಡೋಟಾ ಆಗಿ ಬೆಳೆದು, ಬೇರೆ ಕಂಪನಿಯ ಕೈ ಸೇರಿದ್ದನ್ನು ಅವರು ಮರೆತಿರಲಿಲ್ಲ ಎಂದು ನನ್ನ ಊಹೆ.

ಮುಕ್ತ, ಮುಚ್ಚಿದ ಎಂಬ ಎರಡು ಲೋಕಗಳನ್ನು ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ 2014ರ ಬಕ್ಕಿಟ್ ಪ್ರಕರಣ ಸಾಕ್ಷಿ. ಮೈನ್‌ಕ್ರಾಫ್ಟ್ ಸರ್ವರ್‌ಗಳಿಗೆ ಸಾವಿರಾರು ಜನ ಬಳಸುತ್ತಿದ್ದ ಆ ಮುಕ್ತ ತಂತ್ರಾಂಶದಲ್ಲಿ ಜಿಪಿಎಲ್, ಎಲ್‌ಜಿಪಿಎಲ್ ಕೋಡಿನ ಜೊತೆ ಕಂಪನಿಯ ಮುಚ್ಚಿದ ಕೋಡೂ ಸೇರಿಕೊಂಡಿತ್ತು. ಬಹಳಷ್ಟು ಕೋಡ್ ಬರೆದಿದ್ದ ಸ್ವಯಂಸೇವಕರೊಬ್ಬರು, "ನನ್ನ ಕೋಡನ್ನು ಹೀಗೆ ಬೆರೆಸಿ ಹಂಚುವಂತಿಲ್ಲ" ಎಂದು ಕಾನೂನು ನೋಟಿಸು ಕೊಟ್ಟರು. ಡೌನ್‌ಲೋಡ್‌ಗಳು ನಿಂತುಹೋದವು. ಅಷ್ಟು ವರ್ಷ ಅದು ಎಲ್ಲರ ಕಣ್ಣೆದುರಿಗೇ ಇತ್ತು.

ಓಬವ್ವನನ್ನು ಪಾತ್ರವಾಗಿ ಹಾಕಬಹುದೇ?

ಹಾಕಿದ್ದೇವೆ. ಹೈದರಾಲಿಯ ಸೈನಿಕರು ಕಿಂಡಿಯೊಳಗಿಂದ ನುಸುಳಿ ಬಂದದ್ದು, ಓಬವ್ವ ಒನಕೆ ಹಿಡಿದು ನಿಂತದ್ದು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ನಮ್ಮ ಕಣ್ಣಿನಲ್ಲಿರುವ ಓಬವ್ವ ಬಹುಮಟ್ಟಿಗೆ ಸಿನಿಮಾದ ಓಬವ್ವ. ಇದನ್ನು ಒಪ್ಪಿಕೊಳ್ಳಲು ನಮ್ಮ ಚಿತ್ರಗಾರರಿಗೆ ಎರಡು ವಾರ ಬೇಕಾಯಿತು. ಅವರು ಮೊದಲು ಬರೆದ ಮುಖ, ಸೀರೆ, ನಿಲುವು ಎಲ್ಲವೂ 1972ರಲ್ಲಿ ತೆರೆಕಂಡ ಚಿತ್ರದವು. ಚಲನಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ಅಂದರೆ 2032ರ ಕೊನೆಯವರೆಗೆ. ಲೇಖಕರ ಕೃತಿಗೆ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ, ಹಾಗಾಗಿ ಕೋಟೆಯ ಬಗ್ಗೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಬಂದ ಕಾದಂಬರಿಗಳ ಸಂಭಾಷಣೆಯನ್ನೂ ಎತ್ತುವಂತಿಲ್ಲ. ಕೊನೆಗೆ ನಮ್ಮಲ್ಲೊಬ್ಬರ ಅಜ್ಜಿ ಒನಕೆ ಹಿಡಿಯುವ ರೀತಿ ನೋಡಿ ಹೊಸದಾಗಿ ಬರೆದರು. ಮೊದಲಿನದಕ್ಕಿಂತ ಅದೇ ಚೆನ್ನಾಗಿದೆ.

ಕೋಟೆಯ ಆಕಾರ ಎಲ್ಲಿಂದ ತಂದಿರಿ? ಗೂಗಲ್ ನಕ್ಷೆಯಿಂದಲೇ?

ಅಲ್ಲ. ಅದರ ಮೇಲೆ ಗೆರೆ ಎಳೆದು ನಕಲಿಸಲು ಅವರ ನಿಯಮ ಬಿಡುವುದಿಲ್ಲ. ಬೆಟ್ಟಗಳ ಏರಿಳಿತಕ್ಕೆ ನಾಸಾದ ನೌಕೆ 2000ದ ಫೆಬ್ರವರಿಯಲ್ಲಿ ರೇಡಾರ್‌ನಿಂದ ಅಳೆದ ಭೂಎತ್ತರದ ದತ್ತಾಂಶ ಬಳಸಿದೆವು. ಅದು ಎಲ್ಲರಿಗೂ ಮುಕ್ತ. 30 ಮೀಟರಿಗೊಂದು ಬಿಂದು ಇರುವುದರಿಂದ ಬಂಡೆಗಳ ಸಂದುಗೊಂದು ಅದರಲ್ಲಿ ಕಾಣುವುದಿಲ್ಲ. ಸಂತೆ ಹೊಂಡ, ಅಕ್ಕ ತಂಗಿ ಹೊಂಡ, ಮದ್ದು ಬೀಸುವ ಕಲ್ಲುಗಳನ್ನು ಹೆಜ್ಜೆ ಹಾಕಿ ಅಳೆದೆವು. ದಾರಿಗಳನ್ನು ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತೆಗೆದುಕೊಂಡೆವು. ಅದರ ಪರವಾನಗಿ ಒಡಿಬಿಎಲ್. ಹೆಸರು ಹೇಳಲೇಬೇಕು, ತಿದ್ದಿದ ದತ್ತಸಂಚಯವನ್ನು ಅದೇ ಷರತ್ತಿನಲ್ಲಿ ಹಂಚಬೇಕು.

ಕೋಟೆಗೆ ಹಕ್ಕುಸ್ವಾಮ್ಯವಿಲ್ಲ, ಕೋಟೆಯ ಫೋಟೋಗೆ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಹಚ್ಚಿದ ಅಶೋಕನ ಶಾಸನದ ಪಾಠ ಎಲ್ಲರದು, ನಿನ್ನೆ ಯಾರೋ ತೆಗೆದ ಅದರ ಚಿತ್ರ ಅವರದು. ಪಟ್ಟಣದ ವೃತ್ತದಲ್ಲಿರುವ ಆಧುನಿಕ ಪ್ರತಿಮೆಗಳ ವಿಷಯ ಸೂಕ್ಷ್ಮ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತ ಶಿಲ್ಪವನ್ನು ಚಿತ್ರಿಸಲು, ಫೋಟೋ ತೆಗೆಯಲು ಕಾಯ್ದೆ ಬಿಡುತ್ತದೆ. ಮೂರು ಆಯಾಮದ ಪ್ರತಿ ಮಾಡುವುದು ಆ ವಿನಾಯಿತಿಯ ಮಾತಿನಲ್ಲಿಲ್ಲ. ನಾವು ಅವುಗಳ ತಂಟೆಗೆ ಹೋಗಿಲ್ಲ.

ಮೌರ್ಯರ ಕಾಲದ್ದೇ ಬೇಕು ಎನ್ನುವವರು "ಜೀರೋ ಎ.ಡಿ." ಆಟ ನೋಡಿ. ಅದೂ ಮುಕ್ತ, ಅದರಲ್ಲಿ ಮೌರ್ಯರ ಪಡೆಯಿದೆ, ಅಶೋಕನೂ ಇದ್ದಾನೆ. ಕೋಡ್ ಜಿಪಿಎಲ್, ಚಿತ್ರಗಳು ಸಿಸಿ ಬಿವೈ-ಎಸ್‌ಎ 3.0. ಬ್ರಹ್ಮಗಿರಿಯ ನಕ್ಷೆ ಮಾಡುವವರಿಗಾಗಿ ಕಾಯುತ್ತಿದ್ದೇವೆ.

ಕನ್ನಡ ಅನುವಾದ ಯಾರದು? ಅಕ್ಷರವಿನ್ಯಾಸ?

ಅನುವಾದಕರದೂ ಹೌದು, ಮೂಲದವರದೂ ಹೌದು. ಆದ್ದರಿಂದಲೇ ಮೂಲದ ಪರವಾನಗಿಯಲ್ಲೇ ಕೊಡುತ್ತೇವೆ. ಪದಗಳ ಜಗಳ ಕಾನೂನಿನ ಜಗಳಕ್ಕಿಂತ ದೊಡ್ಡದು. ಸಾಮಾನು ಇಟ್ಟುಕೊಳ್ಳುವ ಚೀಲಕ್ಕೆ "ಜೋಳಿಗೆ" ಎಂದಾಗ ಎಲ್ಲರೂ ಒಪ್ಪಿದರು. ನೆಲದಡಿಯ ಉಗ್ರಾಣಕ್ಕೆ "ಹಗೇವು" ಎಂದಾಗ ಬೆಂಗಳೂರಿನ ಆಟಗಾರರು ಅರ್ಥ ಕೇಳಿದರು. ಹಗೇವು ಹಗೇವಾಗಿಯೇ ಉಳಿದಿದೆ.

ಅಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಇವೆ. ಎರಡೂ ಮುಕ್ತ ಅಕ್ಷರ ಪರವಾನಗಿಯವು. ಆಟದ ಜೊತೆ ಹಂಚಬಹುದು, ಅಕ್ಷರವನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ. ವಿಂಡೋಸ್ ಜೊತೆ ಬರುವ ತುಂಗಾವನ್ನು ನಕಲಿಸಿ ಹಂಚಬೇಡಿ. ಡಿಟಿಪಿ ಅಂಗಡಿಯಲ್ಲಿ ಹಳೆಯ ಎನ್ಕೋಡಿಂಗ್‌ನಲ್ಲಿ ಬೆರಳಚ್ಚು ಮಾಡಿಸಿ ತರುವವರಿಗೆ ಒಂದು ವಿನಂತಿ: ಯೂನಿಕೋಡ್‌ನಲ್ಲಿ ಕೊಡಿ. ಇದು ಪರವಾನಗಿಯ ವಿಷಯವಲ್ಲ, ನನ್ನ ಕಣ್ಣಿನ ವಿಷಯ.

ನಾನಿನ್ನೂ ಪಿಯುಸಿ ವಿದ್ಯಾರ್ಥಿ. ಕೆಲಸ ಕೊಡಬಹುದೇ?

ಸಂತೋಷ. ಆದರೆ 1872ರ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳಲಾರರು. ಅಪ್ಪ ಅಥವಾ ಅಮ್ಮನಿಂದ ಒಪ್ಪಿಗೆ ಪತ್ರ ತನ್ನಿ. ಕಾಲೇಜಿನ ಪ್ರಾಜೆಕ್ಟ್ ಆಗಿ ಬರೆದದ್ದು ಸಾಮಾನ್ಯವಾಗಿ ವಿದ್ಯಾರ್ಥಿಯದೇ, ಬೇರೆ ಒಪ್ಪಂದಕ್ಕೆ ಸಹಿ ಹಾಕಿರದಿದ್ದರೆ. ನೌಕರಿಯಲ್ಲಿರುವವರದು ಹಾಗಲ್ಲ: ಕೆಲಸದ ಭಾಗವಾಗಿ ಬರೆದದ್ದಕ್ಕೆ ಮೊದಲ ಒಡೆಯರು ಮಾಲೀಕರು. ರಾತ್ರಿ ಮನೆಯಲ್ಲಿ ಬರೆದರೂ ನೇಮಕಾತಿ ಪತ್ರವನ್ನು ಒಮ್ಮೆ ಓದಿ ಬನ್ನಿ.

ಸರ್ವರ್ ಖರ್ಚಿಗೆ ಹಣ ಕೇಳಬಹುದೇ?

ಕೇಳಬಹುದು. ದೇಣಿಗೆ, ಪ್ರವೇಶ ಶುಲ್ಕ ಯಾವುದಕ್ಕೂ ಜಿಪಿಎಲ್ ಆಗಲಿ ಸಿಸಿ ಬಿವೈ-ಎಸ್‌ಎ ಆಗಲಿ ಅಡ್ಡ ಬರುವುದಿಲ್ಲ. ಎನ್‌ಸಿ ಚಿತ್ರವೊಂದು ಒಳಗಿದ್ದರೆ ಮಾತ್ರ ಬರುತ್ತದೆ. ಪಣ ಕಟ್ಟಿ ಆಡುವ ಪಂದ್ಯ ಮಾತ್ರ ಖಂಡಿತ ಬೇಡ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿದೆ.

ನಮ್ಮ ಕೆಲಸವನ್ನು ಯಾರೋ ಹೆಸರು ಹೇಳದೆ ಬಳಸಿದ್ದಾರೆ. ಏನು ಮಾಡಲಿ?

ಮೊದಲು ಒಂದು ಕಪ್ ಚಹಾ ಕುಡಿಯಿರಿ. ನಂತರ ಸೌಜನ್ಯದ ಪತ್ರ. ಜಿಪಿಎಲ್ ಮೂರನೆಯ ಆವೃತ್ತಿಯೇ ಮೊದಲ ಬಾರಿ ತಪ್ಪಿದವರಿಗೆ ತಿಳಿಸಿದ 30 ದಿನಗಳೊಳಗೆ ಸರಿಪಡಿಸಿಕೊಂಡರೆ ಹಕ್ಕನ್ನು ಮರಳಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ತಾಣ ನಡೆಸುವವರಿಗೆ ಬರೆಯಿರಿ. ಹಕ್ಕುಸ್ವಾಮ್ಯ ಕಾಯ್ದೆಯ 57ನೆಯ ಕಲಂ ಕೃತಿಕಾರನೆಂದು ಹೇಳಿಕೊಳ್ಳುವ ಹಕ್ಕನ್ನು ನಿಮಗೆ ಕೊಟ್ಟಿದೆ, ಉಳಿದ ಹಕ್ಕುಗಳನ್ನು ಬಿಟ್ಟುಕೊಟ್ಟ ಮೇಲೂ.

ನಾನು ತಂಡ ಬಿಡುತ್ತೇನೆ. ನನ್ನ ಕಲ್ಲುಗಳನ್ನು ವಾಪಸ್ ಕೊಡಿ.

ಇದು ಮೂರು ಬಾರಿ ಬಂದ ಪ್ರಶ್ನೆ. ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಒಮ್ಮೆ ಕೊಟ್ಟ ಅನುಮತಿಯನ್ನು ಹಿಂಪಡೆಯಲಾಗದು; ಕೇಳಿದರೆ ನಿಮ್ಮ ಹೆಸರನ್ನು ತೆಗೆಯುತ್ತೇವೆ, ಕಲ್ಲನ್ನು ಅಲ್ಲ. ಅದೇ ನ್ಯಾಯ ನಮಗೂ ಇದೆ. ಇಡೀ ಕೋಟೆಯ ಪರವಾನಗಿ ಬದಲಿಸಬೇಕೆಂದರೆ ಬಿಟ್ಟುಹೋದವರೂ ಸೇರಿ ಪ್ರತಿಯೊಬ್ಬರ ಒಪ್ಪಿಗೆ ಬೇಕು. ಜಗಳವಾಡಿ ಹೋದವರ ಮನೆಗೂ ಹಣ್ಣು ಹಿಡಿದು ಹೋಗಬೇಕಾಗುತ್ತದೆ.

ಹಾಗಾದರೆ ಹೊಸ ಟೆಕ್ಸ್ಚರ್ ಕೊಡುವಾಗ ಏನೇನು ಬರೆದುಕೊಡಬೇಕು?

ಕಡತದ ಹೆಸರು, ಮಾಡಿದವರು, ದಿನಾಂಕ, ಪರವಾನಗಿ ಮತ್ತು ಆವೃತ್ತಿ, ಯಾವುದರಿಂದ ತಿದ್ದಿದ್ದು, ಅದು ಎಲ್ಲಿ ಸಿಕ್ಕಿತು. ಒಂದೇ ಸಾಲು. ಕೊಟ್ಟ ದಿನವೇ ಬರೆಯಿರಿ. ಆರು ತಿಂಗಳ ನಂತರ ನೆನಪಿರುವುದಿಲ್ಲ. ಈ ಸಾಲು ಇಲ್ಲದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಕೋಟೆಯ ಹೊರಗೇ ನಿಲ್ಲುತ್ತದೆ.

ಆಟದಲ್ಲಿ ಬೆಣ್ಣೆದೋಸೆ ಇದೆಯಂತೆ, ನಿಜವೇ?

ನಿಜ. 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ, ಸಿಸಿ ಜೀರೋ. ಹೆಸರನ್ನೂ ಹೇಳಬೇಕಿಲ್ಲ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಬೆಣ್ಣೆಯ ಹಳದಿ ಸಾಲದು ಎಂದು ಈಗಾಗಲೇ ಹದಿನಾಲ್ಕು ದೂರುಗಳು ಬಂದಿವೆ; ತಿದ್ದಿದ ಚಿತ್ರದೊಂದಿಗೆ ಬಂದ ದೂರನ್ನು ಮಾತ್ರ ಪರಿಶೀಲಿಸುತ್ತೇವೆ.